ಮಕ್ಕಳ ಮೂಳೆ ಕ್ಯಾನ್ಸರ್ ತಜ್ಞರ ಸಂಶೋಧನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಕ್ಷೇತ್ರಕ್ಕೆ ಬರಬೇಕು ಅಂದುಕೊಂಡ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳು ಒಂದು ಥರ. ಮಗುವಿಗೆ ಕಾಯಿಲೆ ಬಂದ ಮನೆಯವರು ಕೇಳುವುದು ಇನ್ನೊಂದು ಥರ. ಎರಡನ್ನೂ ಇಲ್ಲಿ ಒಟ್ಟಿಗೇ ಇಟ್ಟಿದ್ದೇನೆ. ವಿದ್ಯಾರ್ಥಿಗೆ ಹೇಳುವ ಉತ್ತರವನ್ನು ತಾಯಿ ಓದಿದರೂ ಅರ್ಥವಾಗಬೇಕು ಎನ್ನುವುದು ನನ್ನ ಆಸೆ.

ಇವರು ಡಾಕ್ಟರಾ, ವಿಜ್ಞಾನಿಯಾ? ದಿನವಿಡೀ ಏನು ಮಾಡುತ್ತಾರೆ?

ಬಹಳ ಜನ ಎರಡೂ ಹೌದು. ವಾರದಲ್ಲಿ ಸ್ವಲ್ಪ ಹೊತ್ತು ವಾರ್ಡಿನಲ್ಲಿ, ಉಳಿದದ್ದು ಲ್ಯಾಬ್‌ನಲ್ಲಿ. ಕೆಲವರು ಲ್ಯಾಬ್‌ಗೆ ಹೋಗುವುದೇ ಇಲ್ಲ. ಅವರ ಸಂಶೋಧನೆ ಎಂದರೆ ಹೊಸ ಚಿಕಿತ್ಸೆಯ ಟ್ರಯಲ್ ನಡೆಸುವುದು, ಅಂದರೆ ರೋಗಿಗಳಲ್ಲಿ ಅದನ್ನು ಕ್ರಮವಾಗಿ ಪರೀಕ್ಷಿಸಿ ನೋಡುವುದು. ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಹೇಳುತ್ತೇನೆ. ದಿನದ ದೊಡ್ಡ ಭಾಗ ಬರೆಯುವುದರಲ್ಲೇ ಹೋಗುತ್ತದೆ. ಅನುದಾನಕ್ಕೆ ಅರ್ಜಿ, ಎಥಿಕ್ಸ್ ಕಮಿಟಿಗೆ ಉತ್ತರ, ಬೇರೆ ದೇಶದ ತಂಡಗಳಿಗೆ ಪತ್ರ. ಇದು ಬೇಸರದ ಕೆಲಸ ಅನ್ನಿಸಬಹುದು. ಆದರೆ ಈ ಕಾಯಿಲೆಯಲ್ಲಿ ಅದೂ ಚಿಕಿತ್ಸೆಯ ಭಾಗವೇ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮಕ್ಕಳಿಗೆ ಬರುವ ಮೂಳೆ ಕ್ಯಾನ್ಸರ್ ಯಾವುವು?

ಮುಖ್ಯವಾಗಿ ಎರಡು. ಒಂದು ಆಸ್ಟಿಯೋಸಾರ್ಕೋಮಾ. ಇದರ ಜೀವಕೋಶಗಳು ತಾವೇ ಅಡ್ಡಾದಿಡ್ಡಿಯಾಗಿ ಮೂಳೆ ಕಟ್ಟುತ್ತಾ ಹೋಗುತ್ತವೆ. ಹದಿಹರೆಯದಲ್ಲಿ, ಮಕ್ಕಳು ಸರಸರನೆ ಉದ್ದ ಆಗುವ ಹೊತ್ತಿಗೆ ಇದು ಜಾಸ್ತಿ. ಮೊಣಕಾಲಿನ ಅಕ್ಕಪಕ್ಕ, ಅಂದರೆ ತೊಡೆಮೂಳೆಯ ಕೆಳತುದಿ ಮತ್ತು ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ, ಇದರ ಅಚ್ಚುಮೆಚ್ಚಿನ ಜಾಗ. ಆಮೇಲೆ ಭುಜ. ಮೂಳೆ ಎಲ್ಲಿ ಜೋರಾಗಿ ಬೆಳೆಯುತ್ತದೋ ಅಲ್ಲೇ ಇದು ಹುಟ್ಟುತ್ತದೆ.

ಇನ್ನೊಂದು ಯೂಯಿಂಗ್ ಸಾರ್ಕೋಮಾ. ಇದು ಸೊಂಟದ ಮೂಳೆ, ಪಕ್ಕೆಲುಬು, ಕಾಲಿನ ಉದ್ದ ಮೂಳೆಗಳು, ಒಮ್ಮೊಮ್ಮೆ ಮೂಳೆಯ ಹೊರಗಿನ ಮೃದು ಭಾಗದಲ್ಲೂ ಬರುತ್ತದೆ. 1921ರಲ್ಲಿ ಜೇಮ್ಸ್ ಯೂಯಿಂಗ್ ಎಂಬ ಅಮೆರಿಕದ ಪ್ಯಾಥಾಲಜಿಸ್ಟ್ (ಗಡ್ಡೆಯ ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಾಯಿಲೆ ಗುರುತಿಸುವ ವೈದ್ಯ) ಇದು ಬೇರೆಯದೇ ಕಾಯಿಲೆ ಎಂದು ಗುರುತಿಸಿದರು. ರೇಡಿಯೇಷನ್ ಕೊಟ್ಟರೆ ಇದು ಕರಗುತ್ತದೆ, ಆಸ್ಟಿಯೋಸಾರ್ಕೋಮಾ ಅಷ್ಟಾಗಿ ಕರಗುವುದಿಲ್ಲ ಎನ್ನುವುದನ್ನು ಅವರು ಗಮನಿಸಿದ್ದರು. ಯೂಯಿಂಗ್ ತಾವೇ ಹುಡುಗನಾಗಿದ್ದಾಗ ಮೂಳೆಯ ಸೋಂಕಿನಿಂದ ಎರಡು ವರ್ಷ ಹಾಸಿಗೆ ಹಿಡಿದಿದ್ದವರು.

ಎರಡೂ ತೀರಾ ಅಪರೂಪದ ಕಾಯಿಲೆಗಳು. ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಕೆಲವರಿಗೆ ಮಾತ್ರ ಬರುತ್ತವೆ.

ಮಗು ಬಿದ್ದು ಪೆಟ್ಟಾಗಿದ್ದರಿಂದ ಬಂತಾ? ನಾವು ಏನಾದರೂ ತಪ್ಪು ಮಾಡಿದೆವಾ?

ಇಲ್ಲ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಬಿದ್ದಿದ್ದರಿಂದ ಕ್ಯಾನ್ಸರ್ ಬರುವುದಿಲ್ಲ. ಬಿದ್ದಾಗ ಅಲ್ಲಿ ನೋವು ಬಂದು, ಆಮೇಲೆ ಎಕ್ಸ್‌ರೇ ತೆಗೆಸಿದಾಗ ಮೊದಲೇ ಇದ್ದ ಗಡ್ಡೆ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಊಟ, ಆಟ, ಹಾಲು ಕುಡಿಸಿದ್ದು, ಕುಡಿಸದೇ ಇದ್ದದ್ದು, ಯಾವುದೂ ಕಾರಣ ಅಲ್ಲ.

ಬಹುಪಾಲು ಮಕ್ಕಳಲ್ಲಿ ಇಂಥದ್ದೇ ಎಂದು ಬೆರಳು ತೋರಿಸುವ ಕಾರಣ ಸಿಗುವುದಿಲ್ಲ. ಸ್ವಲ್ಪ ಮಕ್ಕಳಲ್ಲಿ ಮಾತ್ರ ಹುಟ್ಟಿನಿಂದ ಬಂದ ಜೀನ್ ದೋಷ ಇರುತ್ತದೆ. 1969ರಲ್ಲಿ ಲೀ ಮತ್ತು ಫ್ರೌಮೆನಿ ಎಂಬ ಇಬ್ಬರು ಡಾಕ್ಟರುಗಳು ಕೆಲವು ಮನೆತನಗಳನ್ನು ಕೂತು ಪರಿಶೀಲಿಸಿದರು. ಅಲ್ಲಿ ಮಕ್ಕಳಿಗೆ ಸಾರ್ಕೋಮಾ (ಮೂಳೆ, ಸ್ನಾಯುಗಳಂಥ ಭಾಗದ ಕ್ಯಾನ್ಸರ್), ಚಿಕ್ಕ ವಯಸ್ಸಿನ ತಾಯಂದಿರಿಗೆ ಸ್ತನ ಕ್ಯಾನ್ಸರ್ ಹೀಗೆ ಮತ್ತೆ ಮತ್ತೆ ಬರುತ್ತಿತ್ತು. ಇದು ಕಾಕತಾಳೀಯ ಅಲ್ಲ ಎಂದು ಅವರು ಬರೆದರು. ಪಿ53 ಎಂಬ ಜೀನ್ ಕೆಟ್ಟಿರುವುದೇ ಕಾರಣ ಎಂದು ಗೊತ್ತಾಗಲು 1990ರ ತನಕ ಕಾಯಬೇಕಾಯಿತು. ನಡುವೆ 21 ವರ್ಷ. ಲ್ಯಾಬ್‌ನಲ್ಲಿ ಸಿಕ್ಕ ಉತ್ತರಕ್ಕೆ ದಾರಿ ತೋರಿಸಿದ್ದು ಮನೆಯವರ ಹತ್ತಿರ ಕೂತು "ನಿಮ್ಮ ಅಕ್ಕನಿಗೆ ಏನಾಗಿತ್ತು, ಅಜ್ಜಿಗೆ ಏನಾಗಿತ್ತು" ಎಂದು ಕೇಳಿ ಬರೆದುಕೊಂಡ ಹಾಳೆಗಳು. ಹಾಗೆಯೇ, ರೆಟಿನೊಬ್ಲಾಸ್ಟೋಮಾ ಎಂಬ ಕಣ್ಣಿನ ಕ್ಯಾನ್ಸರ್ ವಂಶದಿಂದ ಬಂದ ಮಕ್ಕಳಿಗೂ ಮುಂದೆ ಆಸ್ಟಿಯೋಸಾರ್ಕೋಮಾ ಬರುವ ಸಾಧ್ಯತೆ ಜಾಸ್ತಿ.

ಒಂದು ವಿಷಯ ನೆನಪಾಯಿತು. ಕೆನಡಾದಲ್ಲಿ ಸಿಕ್ಕ ಡೈನೋಸಾರ್ ಒಂದರ ಕಾಲುಮೂಳೆಯಲ್ಲಿ ಆಸ್ಟಿಯೋಸಾರ್ಕೋಮಾ ಇತ್ತು ಎಂದು 2020ರಲ್ಲಿ ಸಂಶೋಧಕರು ತೋರಿಸಿದರು. ಸುಮಾರು 7.6 ಕೋಟಿ ವರ್ಷ ಹಳೆಯ ಮೂಳೆ ಅದು. "ನಾವೇನು ತಪ್ಪು ಮಾಡಿದೆವು" ಎಂದು ಕೊರಗುವ ಅಪ್ಪ ಅಮ್ಮಂದಿರಿಗೆ ಇದನ್ನೂ ಹೇಳಬೇಕು ಅನ್ನಿಸುತ್ತದೆ. ಮೂಳೆ ಇರುವ, ಬೆಳೆಯುವ ಪ್ರಾಣಿಗಳ ಜೊತೆ ಈ ಕಾಯಿಲೆ ಅಷ್ಟು ಹಿಂದಿನಿಂದಲೂ ಇದೆ.

ತಜ್ಞರಾಗಲು ಎಷ್ಟು ವರ್ಷ ಬೇಕು?

ಮೊದಲು ವೈದ್ಯಕೀಯ ಪದವಿ. ಆಮೇಲೆ ಮಕ್ಕಳ ವೈದ್ಯ, ಆಮೇಲೆ ಮಕ್ಕಳ ಕ್ಯಾನ್ಸರ್ ತರಬೇತಿ. ಅದರ ಮೇಲೆ ಸಂಶೋಧನೆ ಕಲಿಯಲು ಇನ್ನಷ್ಟು ವರ್ಷ. ಹದಿನೈದು ವರ್ಷ ಹಿಡಿದರೆ ಆಶ್ಚರ್ಯವಿಲ್ಲ. ಮೂಳೆ ಸರ್ಜನ್, ಪ್ಯಾಥಾಲಜಿಸ್ಟ್, ರೇಡಿಯೇಷನ್ ವೈದ್ಯರಾಗಿಯೂ ಇದೇ ಕಾಯಿಲೆಯ ಸಂಶೋಧನೆಗೆ ಬರಬಹುದು.

ಮೊದಲ ಔಷಧಿ ಹೇಗೆ ಸಿಕ್ಕಿತು?

ಈ ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಈ ಕ್ಷೇತ್ರದಲ್ಲಿ ಒಬ್ಬರ ಬದುಕು ಹೇಗಿರುತ್ತದೆ ಎನ್ನುವುದು ಇದರಲ್ಲೇ ಇದೆ.

1970ರ ಸುಮಾರಿಗೂ ಆಸ್ಟಿಯೋಸಾರ್ಕೋಮಾ ಎಂದರೆ ಕಾಲು ಕತ್ತರಿಸುವುದೇ ಚಿಕಿತ್ಸೆ. ಕತ್ತರಿಸಿದ ಮೇಲೂ ಹತ್ತರಲ್ಲಿ ಎಂಟು ಮಕ್ಕಳು ಉಳಿಯುತ್ತಿರಲಿಲ್ಲ. ತಿಂಗಳುಗಳ ನಂತರ ಶ್ವಾಸಕೋಶದಲ್ಲಿ ಗಡ್ಡೆ ಕಾಣಿಸಿಕೊಳ್ಳುತ್ತಿತ್ತು. ಅಂದರೆ ಕಾಲು ತೆಗೆಯುವ ಮೊದಲೇ ಕಣ್ಣಿಗೆ ಕಾಣದ ಕಣಗಳು ರಕ್ತದಲ್ಲಿ ಹೋಗಿ ಅಲ್ಲಿ ಕೂತಿದ್ದವು.

ಬಾಸ್ಟನ್‌ನಲ್ಲಿ ನಾರ್ಮನ್ ಜಾಫೆ, ಎಮಿಲ್ ಫ್ರೈ ಮತ್ತು ಅವರ ಜೊತೆಗಾರರು ಮೆಥೊಟ್ರೆಕ್ಸೇಟ್ ಎಂಬ ಹಳೆಯ ಔಷಧಿಯನ್ನು ಬೇರೆ ರೀತಿ ಕೊಟ್ಟು ನೋಡಿದರು. ಜೀವಕೋಶ ಎರಡಾಗಲು ಫೋಲಿಕ್ ಆಸಿಡ್ ಬೇಕು. ಮೆಥೊಟ್ರೆಕ್ಸೇಟ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಮಾಮೂಲಿ ಡೋಸ್‌ಗೆ ಈ ಗಡ್ಡೆ ಜಗ್ಗುತ್ತಿರಲಿಲ್ಲ. ಹಾಗಾಗಿ ಹಾಗೇ ಬಿಟ್ಟರೆ ಮಗುವಿನ ಪ್ರಾಣವೇ ಹೋಗುವಷ್ಟು ಡೋಸ್ ಕೊಟ್ಟರು. ಒಂದು ದಿನ ಕಳೆದ ಮೇಲೆ ಲ್ಯೂಕೊವೊರಿನ್ ಎಂಬ ಪ್ರತಿಔಷಧಿ ಕೊಟ್ಟು ಮಗುವಿನ ಆರೋಗ್ಯಕರ ಜೀವಕೋಶಗಳನ್ನು ಕಾಪಾಡಿದರು. ಇವತ್ತಿಗೂ ಹೀಗೇ ಕೊಡುತ್ತಾರೆ. ದೇಹದ ಮೈವಿಸ್ತಾರದ ಒಂದು ಚದರ ಮೀಟರಿಗೆ 12 ಗ್ರಾಂ. ರಕ್ತದಲ್ಲಿ ಔಷಧಿ ಇಳಿಯುತ್ತಿದೆಯಾ ಎಂದು ದಿನಾ ಅಳೆಯುತ್ತಾರೆ. ಇಳಿಯುವ ತನಕ ನರ್ಸ್, ಡಾಕ್ಟರ್, ಮನೆಯವರು ಎಲ್ಲರ ಕಣ್ಣೂ ಆ ಒಂದು ಸಂಖ್ಯೆಯ ಮೇಲೆ.

ಫಲಿತಾಂಶ ಚೆನ್ನಾಗಿತ್ತು. ಆದರೆ ಎಲ್ಲರೂ ಒಪ್ಪಲಿಲ್ಲ. ಅಮೆರಿಕದ ದೊಡ್ಡ ಆಸ್ಪತ್ರೆ ಮೇಯೋ ಕ್ಲಿನಿಕ್‌ನವರು ತಮ್ಮಲ್ಲಿ ಕೀಮೋ (ಮೆಥೊಟ್ರೆಕ್ಸೇಟ್‌ನಂಥ ಕ್ಯಾನ್ಸರ್ ಔಷಧಿ) ಕೊಡದ ಮಕ್ಕಳೂ ಈಚೆಗೆ ಮೊದಲಿಗಿಂತ ಚೆನ್ನಾಗಿ ಉಳಿಯುತ್ತಿದ್ದಾರೆ ಎಂದರು. ಹಾಗಿದ್ದರೆ ಉಳಿಸುತ್ತಿರುವುದು ಔಷಧಿಯಾ, ಕಾಲವಾ? ಗಲಾಟೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ಅಮೆರಿಕದಲ್ಲಿ ಹಲವು ಆಸ್ಪತ್ರೆಗಳು ಸೇರಿ ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿದವು. ಒಂದು ಗುಂಪಿಗೆ ಆಪರೇಷನ್ ಮಾತ್ರ. ಇನ್ನೊಂದಕ್ಕೆ ಆಪರೇಷನ್ ಜೊತೆ ಕೀಮೋ. ಹೀಗೆ ಗುಂಪಾಗಲು ಒಪ್ಪಿದವರು ಬರೀ 36 ಜನ. 1986ರಲ್ಲಿ ಮೈಕೆಲ್ ಲಿಂಕ್ ಮತ್ತು ಜೊತೆಗಾರರು ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ಹೊತ್ತಿಗೆ ಕಾಯಿಲೆ ಮರಳದೆ ಇದ್ದವರು ಕೀಮೋ ಇಲ್ಲದ ಗುಂಪಿನಲ್ಲಿ ಶೇ. 17, ಕೀಮೋ ಇದ್ದ ಗುಂಪಿನಲ್ಲಿ ಶೇ. 66. ವಾದ ಅಲ್ಲಿಗೆ ಮುಗಿಯಿತು.

ಆ 36 ಮನೆಗಳವರ ಹೆಸರು ಎಲ್ಲೂ ಬರೆದಿಲ್ಲ. ಆದರೆ ಆಮೇಲೆ ಉಳಿದ ಪ್ರತಿ ಮಗುವಿನ ಹಿಂದೆ ಅವರಿದ್ದಾರೆ.

ಆಪರೇಷನ್‌ಗೆ ಮೊದಲೇ ಕೀಮೋ ಕೊಡುವುದು ಯಾಕೆ?

ಇದು ಶುರುವಾದದ್ದು ಒಂದು ಪ್ರಾಯೋಗಿಕ ತೊಂದರೆಯಿಂದ. ನ್ಯೂಯಾರ್ಕ್‌ನಲ್ಲಿ ಜೆರಾಲ್ಡ್ ರೋಸೆನ್ ಮತ್ತು ತಂಡ ಕಾಲು ಕತ್ತರಿಸದೆ, ಕೆಟ್ಟ ಮೂಳೆಯಷ್ಟೇ ತೆಗೆದು ಲೋಹದ ಮೂಳೆ ಕೂರಿಸುವ ಪ್ರಯತ್ನದಲ್ಲಿದ್ದರು. ಆ ಲೋಹದ ಮೂಳೆಯನ್ನು ಪ್ರತಿ ಮಗುವಿನ ಅಳತೆಗೆ ಮಾಡಿಸಬೇಕಿತ್ತು. ಅದು ತಯಾರಾಗಿ ಬರಲು ವಾರಗಟ್ಟಲೆ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಸುಮ್ನೆ ಕೂರುವುದು ಬೇಡ ಎಂದು ಕೀಮೋ ಶುರು ಮಾಡಿದರು. ಆಮೇಲೆ ತೆಗೆದ ಗಡ್ಡೆಯನ್ನು ಪ್ಯಾಥಾಲಜಿಸ್ಟ್ ಆಂಡ್ರ್ಯೂ ಹ್ಯೂವೋಸ್ ತುಂಡು ತುಂಡಾಗಿ ನೋಡಿ, ಎಷ್ಟು ಭಾಗ ಸತ್ತಿದೆ ಎಂದು ಅಳೆದರು. ಶೇ. 90ಕ್ಕಿಂತ ಜಾಸ್ತಿ ಸತ್ತಿದ್ದ ಮಕ್ಕಳು ಮುಂದೆ ಚೆನ್ನಾಗಿ ಉಳಿದರು. ಲೋಹದ ಮೂಳೆಗೆ ಕಾದ ಆ ವಾರಗಳು ಇಡೀ ಜಗತ್ತಿನ ಚಿಕಿತ್ಸೆಯ ಕ್ರಮವನ್ನೇ ಬದಲಿಸಿದವು.

ನಲವತ್ತು ವರ್ಷದಿಂದ ಏನೂ ಬದಲಾಗಿಲ್ಲ ಅನ್ನುತ್ತಾರೆ. ನಿಜವಾ?

ಆಸ್ಟಿಯೋಸಾರ್ಕೋಮಾ ಮಟ್ಟಿಗೆ ಬಹಳಷ್ಟು ನಿಜ. ನೋವಿನಿಂದಲೇ ಹೇಳುತ್ತೇನೆ. ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಎಂಬ ಮೂರು ಔಷಧಿಗಳೇ ಇವತ್ತಿಗೂ ಆಧಾರ. ಬೇರೆಡೆ ಹರಡದೆ ಇದ್ದರೆ ಹತ್ತರಲ್ಲಿ ಆರೇಳು ಮಕ್ಕಳು ಉಳಿಯುತ್ತಾರೆ. ಪತ್ತೆಯಾಗುವಾಗಲೇ ಶ್ವಾಸಕೋಶಕ್ಕೆ ಹರಡಿದ್ದರೆ ಎರಡು ಮೂರು ಮಕ್ಕಳು. ಉಳಿಯುವ ಮಕ್ಕಳ ಸಂಖ್ಯೆಯ ಗೆರೆ 1980ರ ದಶಕದಲ್ಲಿ ಏರಿ ಅಲ್ಲೇ ನಿಂತಿದೆ. ಇವತ್ತು ಈ ಕ್ಷೇತ್ರಕ್ಕೆ ಬರುವವರು ಆ ನಿಂತ ಗೆರೆಯನ್ನು ನೋಡುತ್ತಲೇ ಕೆಲಸ ಮಾಡಬೇಕು.

ಯೂಯಿಂಗ್‌ನಲ್ಲಿ ಸ್ವಲ್ಪ ಮುಂದೆ ಹೋಗಿದ್ದೇವೆ. ಅದು ಕೂಡ ಹೊಸ ಔಷಧಿಯಿಂದ ಅಲ್ಲ. ಮೂರು ವಾರಕ್ಕೊಮ್ಮೆ ಕೊಡುತ್ತಿದ್ದ ಕೀಮೋವನ್ನು ಎರಡು ವಾರಕ್ಕೊಮ್ಮೆ ಕೊಟ್ಟು ನೋಡಿದರು. ಅವೇ ಔಷಧಿಗಳು, ಅಂತರ ಮಾತ್ರ ಕಡಿಮೆ. ಬಿಳಿ ರಕ್ತಕಣ ಬೇಗ ಮೇಲೇಳಲು ಕೊಡುವ ಇಂಜೆಕ್ಷನ್ ಬಂದಿದ್ದರಿಂದ ಇದು ಸಾಧ್ಯವಾಯಿತು. 2012ರಲ್ಲಿ ಬಂದ ಫಲಿತಾಂಶದಲ್ಲಿ ಐದು ವರ್ಷ ಕಾಯಿಲೆ ಮರಳದೆ ಇದ್ದವರು ಶೇ. 65ರಿಂದ 73ಕ್ಕೆ ಏರಿದರು. ತೊಂದರೆಗಳು ಹೆಚ್ಚಲಿಲ್ಲ. ಕ್ಯಾಲೆಂಡರಿನಲ್ಲಿ ಒಂದು ವಾರ ಕಡಿಮೆ ಮಾಡಿ ನೂರರಲ್ಲಿ ಎಂಟು ಮಕ್ಕಳನ್ನು ಕಾಯಿಲೆ ಮರಳದಂತೆ ಕಾದುಕೊಂಡರು. ನನ್ನ ಪ್ರಕಾರ ಇದು ಯಾವ ಹೊಸ ಮಾತ್ರೆಗೂ ಕಡಿಮೆ ಇಲ್ಲದ ಸಂಶೋಧನೆ.

ದೊಡ್ಡ ಟ್ರಯಲ್ ಮಾಡಿ "ಪ್ರಯೋಜನ ಇಲ್ಲ" ಅಂತ ಬಂದರೆ ಹತ್ತು ವರ್ಷ ವ್ಯರ್ಥ ಅಲ್ವಾ?

ಯುರಾಮೋಸ್-1 ಎಂಬ ಟ್ರಯಲ್ ಇದಕ್ಕೆ ಒಳ್ಳೆಯ ಉದಾಹರಣೆ. 2005ರಿಂದ 2011ರವರೆಗೆ 17 ದೇಶಗಳಿಂದ 2260 ರೋಗಿಗಳು ಸೇರಿದರು. ಆಸ್ಟಿಯೋಸಾರ್ಕೋಮಾದಂಥ ಕಾಯಿಲೆಗೆ ಇದು ದೊಡ್ಡ ಸಂಖ್ಯೆ. ಯಾವ ಒಂದು ದೇಶವೂ ತಾನೊಬ್ಬನೇ ಇಷ್ಟು ಜನರನ್ನು ಸೇರಿಸಲಾರದು. ಅದಕ್ಕೇ ಮೊದಲೇ ಹೇಳಿದ್ದು, ಪತ್ರ ಬರೆಯುವುದೂ ಚಿಕಿತ್ಸೆಯ ಭಾಗ ಎಂದು. ಪ್ರತಿ ದೇಶದ ಕಾನೂನು ಬೇರೆ, ಒಪ್ಪಿಗೆ ಪತ್ರ ಬೇರೆ, ವಿಮೆ ಬೇರೆ. ಎಲ್ಲವನ್ನೂ ಒಂದು ದಾರಿಗೆ ತರುವುದಕ್ಕೇ ವರ್ಷಗಳು ಬೇಕು.

ಕೇಳಿದ ಪ್ರಶ್ನೆ ಇದು. ಮೊದಲ ಕೀಮೋಗೆ ಗಡ್ಡೆ ಸರಿಯಾಗಿ ಸಾಯದಿದ್ದರೆ, ಆಪರೇಷನ್ ನಂತರ ಇನ್ನೂ ಎರಡು ಔಷಧಿ ಸೇರಿಸಿದರೆ ಒಳ್ಳೆಯದಾ? ಕೇಳಿದರೆ ಹೌದು ಅನ್ನಿಸುತ್ತದೆ. ಎಷ್ಟೋ ಡಾಕ್ಟರುಗಳು ಹಾಗೇ ಮಾಡುತ್ತಿದ್ದರು. ಉತ್ತರ ಬಂದದ್ದು ಬೇರೆ. ಹೆಚ್ಚು ಮಕ್ಕಳು ಉಳಿಯಲಿಲ್ಲ, ಅಡ್ಡಪರಿಣಾಮ ಮಾತ್ರ ಜಾಸ್ತಿಯಾಯಿತು.

ವ್ಯರ್ಥವಾ? ಆ ಟ್ರಯಲ್ ನಡೆಯದೇ ಇದ್ದಿದ್ದರೆ ಇವತ್ತಿಗೂ ಸಾವಿರಾರು ಮಕ್ಕಳಿಗೆ ಕೆಲಸಕ್ಕೆ ಬಾರದ ಎರಡು ಔಷಧಿ ಹೆಚ್ಚಿಗೆ ಕೊಡುತ್ತಿದ್ದೆವು. ಇನ್ನೊಂದು ಜ್ವರ, ಇನ್ನೊಂದು ಸೋಂಕು, ಆಸ್ಪತ್ರೆಯಲ್ಲಿ ಇನ್ನಷ್ಟು ರಾತ್ರಿ. ಅದು ತಪ್ಪಿತು. ಆದರೆ ಹತ್ತು ವರ್ಷ ದುಡಿದವರಿಗೆ ಆ ದಿನ ಎದೆ ಭಾರವಾಗುವುದೂ ನಿಜ. ಎರಡೂ ಒಟ್ಟಿಗೇ ಇರುತ್ತವೆ.

ಟ್ರಯಲ್‌ನಲ್ಲಿ ನನ್ನ ಮಗುವಿಗೆ ಎರಡರಲ್ಲಿ ಯಾವ ಚಿಕಿತ್ಸೆ ಎಂದು ಕಂಪ್ಯೂಟರ್ ಚೀಟಿ ಎತ್ತಿದಂತೆ ತೀರ್ಮಾನಿಸುವುದು ಕ್ರೂರ ಅಲ್ವಾ?

ಈ ಭಯ ನನಗೆ ಅರ್ಥವಾಗುತ್ತದೆ. ಮಗುವನ್ನು ಪ್ರಯೋಗದ ಇಲಿ ಮಾಡುತ್ತಾರಾ ಎಂಬ ಅನುಮಾನ ಯಾರಿಗೆ ಬರುವುದಿಲ್ಲ? ಆದರೆ ಗಮನಿಸಿ. ಎರಡರಲ್ಲಿ ಯಾವುದು ಒಳ್ಳೆಯದು ಎಂದು ಯಾರಿಗೂ ಗೊತ್ತಿಲ್ಲದಾಗ ಮಾತ್ರ ಹೀಗೆ ಮಾಡಲು ಬಿಡುತ್ತಾರೆ. ಎರಡೂ ಗುಂಪಿಗೆ ಕನಿಷ್ಠ ಈಗ ಗೊತ್ತಿರುವ ಒಳ್ಳೆಯ ಚಿಕಿತ್ಸೆ ಸಿಗಲೇಬೇಕು. ಹೊರಗಿನ ಒಂದು ಸಮಿತಿ ನಡುನಡುವೆ ಲೆಕ್ಕ ನೋಡುತ್ತದೆ. ಒಂದು ಗುಂಪಿಗೆ ಹಾನಿಯಾಗುತ್ತಿದೆ ಅನ್ನಿಸಿದರೆ ನಿಲ್ಲಿಸುತ್ತದೆ. ಮನೆಯವರು ಯಾವಾಗ ಬೇಕಾದರೂ ಹೊರಗೆ ಬರಬಹುದು, ಚಿಕಿತ್ಸೆ ನಿಲ್ಲುವುದಿಲ್ಲ.

ದೊಡ್ಡ ಮಕ್ಕಳನ್ನೂ ಕೇಳಬೇಕು. ಹದಿಮೂರು ವರ್ಷದವರಿಗೆ ಎಲ್ಲ ಅರ್ಥವಾಗುತ್ತದೆ. ಅವರಿಗೆ ಗೊತ್ತಾಗದಂತೆ ಅವರ ತಲೆಯ ಮೇಲೆ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಯೂಯಿಂಗ್ ಸಾರ್ಕೋಮಾದ ಜೀನ್ ಗೊತ್ತಲ್ಲ, ಔಷಧಿ ಯಾಕೆ ಇಲ್ಲ?

1983ರಲ್ಲಿ ಫ್ರಾನ್ಸ್‌ನ ಸಂಶೋಧಕರು ಈ ಗಡ್ಡೆಯ ಜೀವಕೋಶಗಳಲ್ಲಿ 11 ಮತ್ತು 22ನೇ ಕ್ರೋಮೋಸೋಮ್‌ಗಳು (ಜೀನ್‌ಗಳನ್ನು ಹೊತ್ತ ಎಳೆಗಳು) ಮುರಿದು ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿರುವುದನ್ನು ನೋಡಿದರು. 1992ರಲ್ಲಿ ಪ್ಯಾರಿಸ್‌ನ ಓಲಿವಿಯೆ ಡೆಲಾಟ್ರ್ ಮತ್ತು ತಂಡ ಆ ಬೆಸುಗೆಯ ಜಾಗದಲ್ಲಿರುವ ಜೀನ್‌ಗಳನ್ನು ಹಿಡಿದರು. ಇಡಬ್ಲ್ಯೂಎಸ್ ಎಂಬ ಜೀನಿನ ಅರ್ಧ, ಎಫ್‌ಎಲ್‌ಐ1 ಎಂಬ ಜೀನಿನ ಅರ್ಧ ಸೇರಿ ಹೊಸ ಪ್ರೋಟೀನ್ ಹುಟ್ಟಿತ್ತು. ಸುಮಾರು ಶೇ. 85 ಯೂಯಿಂಗ್ ಗಡ್ಡೆಗಳಲ್ಲಿ ಇದೇ ಜೋಡಿ.

ಪತ್ತೆಗೆ ಇದರಿಂದ ದೊಡ್ಡ ಲಾಭವಾಯಿತು. ಮೈಕ್ರೋಸ್ಕೋಪಿನಲ್ಲಿ ಯೂಯಿಂಗ್ ಜೀವಕೋಶಗಳು ಬರೀ ನೀಲಿ ಚುಕ್ಕಿಗಳಂತೆ ಕಾಣುತ್ತವೆ. ಇನ್ನೂ ನಾಲ್ಕಾರು ಕಾಯಿಲೆಗಳು ಹಾಗೇ ಕಾಣುತ್ತವೆ. ಈಗ ಆ ಬೆಸುಗೆ ಇದೆಯಾ ಎಂದು ನೋಡಿದರೆ ಅನುಮಾನ ಬಗೆಹರಿಯುತ್ತದೆ.

ಔಷಧಿಯ ವಿಷಯ ಬೇರೆ. ಮಾತ್ರೆಯಾಗಿ ಕೊಡುವ ಬಹಳಷ್ಟು ಕ್ಯಾನ್ಸರ್ ಔಷಧಿಗಳು ಪ್ರೋಟೀನಿನ ಒಂದು ಗುಳಿಯಲ್ಲಿ ಹೋಗಿ ಕೂರುತ್ತವೆ. ಬೀಗದಲ್ಲಿ ತಪ್ಪು ಕೀಲಿ ಸಿಕ್ಕಿಸಿ ಕೆಡಿಸಿದ ಹಾಗೆ. ಈ ಬೆಸುಗೆ ಪ್ರೋಟೀನಿಗೆ ಅಂಥ ಗಟ್ಟಿ ಗುಳಿ ಇಲ್ಲ. ಅದರ ದೊಡ್ಡ ಭಾಗ ನೂಲಿನಂತೆ ಸಡಿಲ. ಅದು ಡಿಎನ್‌ಎ ಮೇಲೆ ಕೂತು ನೂರಾರು ಜೀನ್‌ಗಳನ್ನು ಒಟ್ಟಿಗೆ ಶುರು ಮಾಡುತ್ತದೆ, ನಿಲ್ಲಿಸುತ್ತದೆ. ಇನ್ನೊಂದು ತೊಂದರೆ ಇಲಿಗಳದು. ಎಷ್ಟೋ ಕ್ಯಾನ್ಸರ್‌ಗಳಲ್ಲಿ ಕೆಟ್ಟ ಜೀನನ್ನು ಇಲಿಗೆ ಸೇರಿಸಿದರೆ ಅದೇ ಕ್ಯಾನ್ಸರ್ ಬರುತ್ತದೆ. ಯೂಯಿಂಗ್‌ನಲ್ಲಿ ಎಷ್ಟು ಪ್ರಯತ್ನಿಸಿದರೂ ಅದು ಸುಲಭಕ್ಕೆ ಒಗ್ಗಿಲ್ಲ. ಎಷ್ಟೋ ಲ್ಯಾಬ್‌ಗಳು ವರ್ಷಗಟ್ಟಲೆ ಇದರಲ್ಲೇ ಕಳೆದಿವೆ.

ಆಸ್ಟಿಯೋಸಾರ್ಕೋಮಾದ್ದು ತದ್ವಿರುದ್ಧ ಕಷ್ಟ. ಅಲ್ಲಿ ಒಂದೇ ತಪ್ಪಲ್ಲ. ಕ್ರೋಮೋಸೋಮ್‌ಗಳು ಚೂರುಚೂರಾಗಿ, ಹೇಗೆಂದರೆ ಹಾಗೆ ಅಂಟಿಕೊಂಡಿರುತ್ತವೆ. ಇಬ್ಬರು ಮಕ್ಕಳ ಗಡ್ಡೆಗಳು ಒಂದೇ ಥರ ಇರುವುದಿಲ್ಲ. ಎಲ್ಲಿ ಹಿಡಿಯುವುದು ಎನ್ನುವುದೇ ಪ್ರಶ್ನೆ.

ಬಯಾಪ್ಸಿ (ಪರೀಕ್ಷೆಗೆ ಗಡ್ಡೆಯ ಚೂರು ತೆಗೆಯುವುದು) ಎಲ್ಲಿ ಮಾಡಿಸಿದರೂ ಒಂದೇನಾ?

ಅಲ್ಲ. ಇದು ಸಂಶೋಧನೆಯಿಂದಲೇ ಗೊತ್ತಾದದ್ದು. ಬಾಸ್ಟನ್‌ನ ಮೂಳೆ ಸರ್ಜನ್ ಹೆನ್ರಿ ಮ್ಯಾಂಕಿನ್ ಬೇರೆ ಬೇರೆ ಕಡೆ ನಡೆದ ಬಯಾಪ್ಸಿಗಳ ಲೆಕ್ಕ ಹಾಕಿದರು. 1982ರಲ್ಲಿ ಒಮ್ಮೆ, 1996ರಲ್ಲಿ ಮತ್ತೊಮ್ಮೆ. ಇಂಥ ಗಡ್ಡೆಗಳ ಅಭ್ಯಾಸವಿಲ್ಲದ ಕಡೆ ಮಾಡಿದಾಗ ತಪ್ಪುಗಳು, ತೊಂದರೆಗಳು ಹಲವು ಪಟ್ಟು ಜಾಸ್ತಿ ಇದ್ದವು. ಹದಿನಾಲ್ಕು ವರ್ಷ ಕಳೆದರೂ ಅದು ಸರಿಹೋಗಿರಲಿಲ್ಲ.

ಕಾರಣ ಸರಳ. ಸೂಜಿ ಅಥವಾ ಚಾಕು ಹೋದ ದಾರಿಯಲ್ಲಿ ಗಡ್ಡೆಯ ಕಣಗಳು ಉಳಿಯಬಹುದು. ಆಪರೇಷನ್ ಮಾಡುವಾಗ ಆ ದಾರಿಯನ್ನೂ ತೆಗೆಯಬೇಕು. ತಪ್ಪು ಜಾಗದಲ್ಲಿ ಕೊಯ್ದಿದ್ದರೆ ಉಳಿಸಬಹುದಾಗಿದ್ದ ಕಾಲನ್ನೂ ಕಳೆದುಕೊಳ್ಳಬೇಕಾಗುತ್ತದೆ. ಆದ್ದರಿಂದ ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ಬಯಾಪ್ಸಿಯ ಜಾಗ ತೀರ್ಮಾನಿಸಬೇಕು. ಈ ಪುಟದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನು ಇಟ್ಟುಕೊಳ್ಳಿ.

ಕಾಲು ಉಳಿಸುವ ಸಂಶೋಧನೆ ಎಲ್ಲಿಗೆ ಬಂದಿದೆ?

ಈಗ ಬಹುಪಾಲು ಮಕ್ಕಳ ಕೈಕಾಲು ಉಳಿಯುತ್ತದೆ. ಮಕ್ಕಳು ಬೆಳೆಯುತ್ತಾರೆ, ಲೋಹ ಬೆಳೆಯುವುದಿಲ್ಲ. ಅದಕ್ಕೆ ಉದ್ದ ಮಾಡಬಹುದಾದ ಲೋಹದ ಮೂಳೆ ಬಂತು. ಮೊದಮೊದಲು ಪ್ರತಿ ಸಲ ಕೊಯ್ದು ಉದ್ದ ಮಾಡಬೇಕಿತ್ತು. ಈಗ ಹೊರಗಿನಿಂದಲೇ ಅಯಸ್ಕಾಂತದ ಬಲದಿಂದ ನಿಧಾನಕ್ಕೆ ಉದ್ದ ಮಾಡುವಂಥವು ಇವೆ.

ರೊಟೇಶನ್‌ಪ್ಲಾಸ್ಟಿ ಎಂಬ ಇನ್ನೊಂದು ಆಪರೇಷನ್ ಇದೆ. ಮೊಣಕಾಲಿನ ಭಾಗ ತೆಗೆದು, ಕೆಳಗಿನ ಕಾಲನ್ನು ಹಿಂದುಮುಂದಾಗಿ ತಿರುಗಿಸಿ ತೊಡೆಗೆ ಜೋಡಿಸುತ್ತಾರೆ. ಆಗ ಪಾದದ ಕೀಲು ಮೊಣಕಾಲಿನ ಕೆಲಸ ಮಾಡುತ್ತದೆ. ಕೆಳಗೆ ಕೃತಕ ಕಾಲು. ಮೊದಲ ಸಲ ನೋಡಿದವರು ಬೆಚ್ಚುತ್ತಾರೆ. ಇದು 1920ರ ದಶಕದಲ್ಲಿ ಬೇರೆ ಕಾಯಿಲೆಗಾಗಿ ಶುರುವಾದದ್ದು. 1970ರ ದಶಕದಲ್ಲಿ ವಿಯೆನ್ನಾದ ಸರ್ಜನ್‌ಗಳು ಮೂಳೆ ಗಡ್ಡೆಗೆ ಬಳಸಿದರು. ಇದನ್ನು ಮಾಡಿಸಿಕೊಂಡ ಮಕ್ಕಳು ಓಡುತ್ತಾರೆ, ಜಿಗಿಯುತ್ತಾರೆ, ಲೋಹ ಮುರಿಯುವ ಭಯ ಇರುವುದಿಲ್ಲ. ನೋಡಲು ಚೆಂದ ಇರಬೇಕಾ, ಓಡಲು ಬರಬೇಕಾ? ಇದನ್ನು ಮಗು ಮತ್ತು ಮನೆಯವರೇ ತೀರ್ಮಾನಿಸಬೇಕು. ಮಾಡಿಸಿಕೊಂಡ ಇನ್ನೊಂದು ಮಗುವನ್ನು ಭೇಟಿ ಮಾಡಿಸುವುದಕ್ಕಿಂತ ಒಳ್ಳೆಯ ಸಲಹೆ ಇಲ್ಲ.

ನಾಯಿಗಳಿಗೂ ಈ ಕ್ಯಾನ್ಸರ್ ಬರುತ್ತದಂತೆ?

ಹೌದು, ದೊಡ್ಡ ಜಾತಿಯ ನಾಯಿಗಳಿಗೆ ಮನುಷ್ಯರಿಗಿಂತ ಬಹಳ ಜಾಸ್ತಿ. ಅವೇ ಕಾಲುಮೂಳೆಗಳು, ಅದೇ ಶ್ವಾಸಕೋಶದ ದಾರಿ. ಹಾಗಾಗಿ ಪಶುವೈದ್ಯರು ಈ ಸಂಶೋಧನೆಯಲ್ಲಿ ನಿಜವಾದ ಜೊತೆಗಾರರು. ದೇಹದ ರಕ್ಷಣಾ ಕಣಗಳನ್ನು ಎಬ್ಬಿಸುವ ಮಿಫಾಮುರ್ಟೈಡ್ ಎಂಬ ಔಷಧಿಯನ್ನು ನಾಯಿಗಳಲ್ಲೂ ಪರೀಕ್ಷಿಸಿದ್ದರು. ಹ್ಯೂಸ್ಟನ್‌ನ ಯೂಜಿನಿ ಕ್ಲೈನರ್‌ಮನ್ ತಮ್ಮ ವೃತ್ತಿಯ ಎಷ್ಟೋ ವರ್ಷ ಈ ಒಂದು ಔಷಧಿಯ ಹಿಂದೆ ನಡೆದರು. ದೊಡ್ಡ ಟ್ರಯಲ್‌ನಲ್ಲಿ ಆರು ವರ್ಷ ಉಳಿದವರು ಶೇ. 70ರಿಂದ 78ಕ್ಕೆ ಏರಿದರು ಎಂದು 2008ರಲ್ಲಿ ಪ್ರಕಟವಾಯಿತು. ಯುರೋಪ್ 2009ರಲ್ಲಿ ಒಪ್ಪಿತು, ಅಮೆರಿಕ ಒಪ್ಪಲಿಲ್ಲ. ಅಂಕಿಗಳನ್ನು ಹೇಗೆ ಓದಬೇಕು ಎಂಬ ಚರ್ಚೆ ಮುಗಿದಿಲ್ಲ. ಒಂದೇ ಟ್ರಯಲ್, ಎರಡು ಖಂಡ, ಎರಡು ತೀರ್ಪು.

ದೇಹದ ರಕ್ಷಣಾ ಕಣಗಳಿಂದಲೇ ಕ್ಯಾನ್ಸರ್ ವಿರುದ್ಧ ಹೋರಾಡಿಸುವ ಇಮ್ಯುನೋಥೆರಪಿ ಬಂದಿದೆಯಲ್ಲ?

ದೊಡ್ಡವರ ಕೆಲವು ಕ್ಯಾನ್ಸರ್‌ಗಳಲ್ಲಿ ಪವಾಡದಂತೆ ಕೆಲಸ ಮಾಡಿದ ಔಷಧಿಗಳು ಇಲ್ಲಿ ಸೋತಿವೆ. 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಆಸ್ಟಿಯೋಸಾರ್ಕೋಮಾದ 22 ರೋಗಿಗಳಲ್ಲಿ ಒಬ್ಬರ ಗಡ್ಡೆ ಮಾತ್ರ ಕುಗ್ಗಿತು. ಯೂಯಿಂಗ್‌ನಲ್ಲಿ ಯಾರದೂ ಇಲ್ಲ. ಕೆಲಸ ನಡೆಯುತ್ತಿದೆ. ಆದರೆ ಇದರ ಹೆಸರಲ್ಲಿ ಯಾರಾದರೂ ದೊಡ್ಡ ದುಡ್ಡು ಕೇಳಿದರೆ ಹುಷಾರಾಗಿರಿ.

ಗುಣವಾದ ಮೇಲೂ ಸಂಶೋಧನೆ ಯಾಕೆ?

ಹದಿನಾಲ್ಕಕ್ಕೆ ಗುಣವಾದ ಹುಡುಗಿ ಎಂಬತ್ತರ ತನಕ ಬದುಕಬೇಕಲ್ಲ. ಡಾಕ್ಸೊರುಬಿಸಿನ್ ಹೃದಯವನ್ನು ದುರ್ಬಲ ಮಾಡಬಹುದು. ಸಿಸ್‌ಪ್ಲಾಟಿನ್ ಕಿವಿ ಕೆಡಿಸಬಹುದು. ಮೊದಲು ಹೋಗುವುದು ಕೀಚಲು ಧ್ವನಿಗಳು. ಕ್ಲಾಸಿನಲ್ಲಿ ಅರ್ಧ ಅಕ್ಷರಗಳು ಕೇಳುವುದಿಲ್ಲ, ಮಗು ಗಮನ ಕೊಡುತ್ತಿಲ್ಲ ಎಂದು ಬೈಸಿಕೊಳ್ಳುತ್ತದೆ. ಬೇರೆ ಕೆಲವು ಔಷಧಿಗಳು ಮುಂದೆ ಮಕ್ಕಳಾಗುವ ಸಾಧ್ಯತೆಗೇ ಕುತ್ತು ತರುತ್ತವೆ. ಆದ್ದರಿಂದ ಕೀಮೋ ಶುರುವಾಗುವ ಮೊದಲೇ ಆ ಮಾತು ಆಡಬೇಕು. ಮುಜುಗರ ಅಂತ ಮುಂದೂಡಬಾರದು.

ಇಲ್ಲಿ ಒಳ್ಳೆಯ ಸುದ್ದಿಯೂ ಇದೆ. ಹೃದಯ ಕಾಯಲು ಡೆಕ್ಸ್‌ರಾಜೊಕ್ಸೇನ್ ಎಂಬ ಔಷಧಿ ಇದೆ. ಸಿಸ್‌ಪ್ಲಾಟಿನ್ ಕೊಟ್ಟು ಆರು ಗಂಟೆಯ ನಂತರ ಸೋಡಿಯಂ ಥಯೋಸಲ್ಫೇಟ್ ಕೊಟ್ಟರೆ ಕಿವಿಗೆ ಆಗುವ ಹಾನಿ ಕಡಿಮೆ. ಹರಡದ ಗಡ್ಡೆಗಳಿರುವ ಮಕ್ಕಳಿಗೆ ಇದನ್ನು ಅಮೆರಿಕದಲ್ಲಿ 2022ರಲ್ಲಿ ಒಪ್ಪಿದರು. ಉಳಿಯುವ ಮಕ್ಕಳ ಸಂಖ್ಯೆಯ ಗೆರೆ ನಿಂತಿರಬಹುದು. ಉಳಿದವರ ಬದುಕು ಮಾತ್ರ ನಿಂತಿಲ್ಲ.

ಇಷ್ಟು ದುಃಖವನ್ನು ಹೇಗೆ ತಡೆದುಕೊಳ್ಳುತ್ತಾರೆ?

ಕೆಲವರು ತಡೆಯಲಾರದೆ ಬಿಟ್ಟು ಹೋಗುತ್ತಾರೆ. ಅದು ತಪ್ಪಲ್ಲ. ಉಳಿದವರು ಗಟ್ಟಿ ಮನಸ್ಸಿನವರು ಎನ್ನುವುದೂ ನಿಜವಲ್ಲ. ಹದಿಹರೆಯದ ಹುಡುಗರನ್ನು ಒಂದು ವರ್ಷ ವಾರವಾರ ನೋಡುತ್ತೀರಿ. ಅವರ ಪರೀಕ್ಷೆ, ಅವರ ಸ್ನೇಹಿತರು, ಅವರ ಸಿಟ್ಟು ಎಲ್ಲ ಗೊತ್ತಾಗುತ್ತದೆ. ಕಾಯಿಲೆ ಮರಳಿತು ಎಂದು ಅವರಿಗೆ ಹೇಳುವುದನ್ನು ಅಭ್ಯಾಸದಿಂದ ಸುಲಭ ಮಾಡಿಕೊಳ್ಳಲು ಆಗುವುದಿಲ್ಲ. ಎಷ್ಟೋ ಜನ ಲ್ಯಾಬ್‌ಗೆ ಹೋಗುವುದೇ ಆ ಕಾರಣಕ್ಕೆ. ವಾರ್ಡಿನಲ್ಲಿ ಉತ್ತರವಿಲ್ಲದ ಪ್ರಶ್ನೆಗೆ ಇನ್ನೊಂದು ಕಡೆಯಾದರೂ ಏನಾದರೂ ಮಾಡುತ್ತಿದ್ದೇನೆ ಎಂಬ ಸಮಾಧಾನ. ತಂಡದಲ್ಲಿ ಒಬ್ಬರಿಗೊಬ್ಬರು ಅಳಲು ಜಾಗ ಇರಬೇಕು. ಇಲ್ಲದ ಕಡೆ ಕೆಲಸಕ್ಕೆ ಸೇರಬೇಡಿ ಎಂದೇ ಹೇಳುತ್ತೇನೆ.

ದುಡ್ಡು ಎಲ್ಲಿಂದ ಬರುತ್ತದೆ?

ಸರ್ಕಾರದ ಅನುದಾನ, ಮತ್ತೆ ಮಕ್ಕಳನ್ನು ಕಳೆದುಕೊಂಡ ಅಥವಾ ಉಳಿಸಿಕೊಂಡ ಮನೆಯವರು ಕಟ್ಟಿದ ಸಂಸ್ಥೆಗಳು. ರೋಗಿಗಳು ಕಡಿಮೆ ಇರುವುದರಿಂದ ಔಷಧಿ ಕಂಪನಿಗಳಿಗೆ ಲಾಭ ಕಾಣುವುದಿಲ್ಲ. ಟೆರ್ರಿ ಫಾಕ್ಸ್ ಹೆಸರು ಕೇಳಿರಬಹುದು. ಕೆನಡಾದ ಹುಡುಗ. 1977ರಲ್ಲಿ, 18 ವರ್ಷಕ್ಕೆ, ಆಸ್ಟಿಯೋಸಾರ್ಕೋಮಾದಿಂದ ಬಲಗಾಲು ಹೋಯಿತು. 1980ರಲ್ಲಿ ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟ. 143 ದಿನ, 5373 ಕಿಲೋಮೀಟರ್. ಕಾಯಿಲೆ ಶ್ವಾಸಕೋಶಕ್ಕೆ ಬಂದಿದ್ದರಿಂದ ನಿಲ್ಲಿಸಬೇಕಾಯಿತು. ಮರುವರ್ಷ ತೀರಿಕೊಂಡ. ಅವನ ಹೆಸರಿನ ಓಟಗಳಿಂದ ಕ್ಯಾನ್ಸರ್ ಸಂಶೋಧನೆಗೆ ಇವತ್ತಿಗೂ ಹಣ ಬರುತ್ತಿದೆ.

ಡಾಕ್ಟರ್ ಆಗದೆ ಈ ಕ್ಷೇತ್ರಕ್ಕೆ ಬರಬಹುದಾ?

ಖಂಡಿತ. ಸ್ಟ್ಯಾಟಿಸ್ಟಿಕ್ಸ್ ಗೊತ್ತಿರುವವರು ಇಲ್ಲಿ ಬಹಳ ಬೇಕು. ಕಡಿಮೆ ಮಕ್ಕಳಿಂದ ನಂಬುವಂಥ ಉತ್ತರ ತೆಗೆಯುವುದು ದೊಡ್ಡ ಕಲೆ. ಜೀವಶಾಸ್ತ್ರ, ಕಂಪ್ಯೂಟರ್, ಲೋಹದ ಎಂಜಿನಿಯರಿಂಗ್, ಟ್ರಯಲ್ ನರ್ಸ್, ಯಾವ ದಾರಿಯಿಂದ ಬಂದರೂ ಕೆಲಸ ಇದೆ.

ಇವತ್ತು ಶುರು ಮಾಡುವವರು ಯಾವ ಪ್ರಶ್ನೆ ಕೈಗೆತ್ತಿಕೊಳ್ಳಬೇಕು?

ನನ್ನನ್ನು ಕೇಳಿದರೆ ಶ್ವಾಸಕೋಶ. ಕಾಲಿನ ಗಡ್ಡೆಯನ್ನು ಸರ್ಜನ್ ತೆಗೆಯುತ್ತಾರೆ. ಮಕ್ಕಳ ಜೀವ ತೆಗೆಯುವುದು ಶ್ವಾಸಕೋಶದಲ್ಲಿ ಅಡಗಿ ಕೂತ ಕಣಗಳು. ಅವು ತಿಂಗಳುಗಟ್ಟಲೆ ಯಾಕೆ ಸುಮ್ಮನಿರುತ್ತವೆ, ಯಾವುದು ಅವನ್ನು ಎಬ್ಬಿಸುತ್ತದೆ, ಕೀಮೋ ಅವಕ್ಕೆ ಯಾಕೆ ತಾಕುವುದಿಲ್ಲ? ಲ್ಯಾಬ್‌ಗಳಲ್ಲಿ ಬಹಳಷ್ಟು ಔಷಧಿಗಳನ್ನು ದೊಡ್ಡ ಗಡ್ಡೆ ಕುಗ್ಗುತ್ತದೆಯಾ ಎಂದೇ ಅಳೆದು ನೋಡುತ್ತೇವೆ. ಅಡಗಿದ ನಾಲ್ಕು ಕಣಗಳನ್ನು ಮೇಲೇಳದಂತೆ ತಡೆಯುವ ಔಷಧಿ ಆ ಪರೀಕ್ಷೆಯಲ್ಲಿ ಫೇಲ್ ಆಗಿ ಕಸಕ್ಕೆ ಹೋಗಿರಬಹುದು.

ಇದಕ್ಕೆ ಬೇಕಾದ ಸಾಮಗ್ರಿಯೇ ಕಡಿಮೆ. ಮೊದಲ ಬಯಾಪ್ಸಿಯ ಚೂರುಗಳು ಫ್ರೀಜರ್‌ಗಳಲ್ಲಿ ಇವೆ. ಕಾಯಿಲೆ ಮರಳಿದಾಗ ಶ್ವಾಸಕೋಶದಿಂದ ತೆಗೆದ ಚೂರನ್ನು ಹಾಗೆ ಎತ್ತಿಡುವುದು ಎಷ್ಟೋ ಕಡೆ ತಪ್ಪಿಹೋಗುತ್ತದೆ. ಆ ಹೊತ್ತಿನಲ್ಲಿ ಮನೆಯವರನ್ನು ಕೇಳುವುದು ಕಷ್ಟ, ನಿಜ. ಆದರೂ ಮೆಲ್ಲಗೆ ಕೇಳಿ. ಅವರು ಒಪ್ಪಿದರೆ ಅದನ್ನು ಮೊದಲ ಚೂರಿನ ಪಕ್ಕದಲ್ಲೇ ಇಡಿ. ಯಾವ ದಿನ ತೆಗೆದದ್ದು, ಅದಕ್ಕೆ ಮೊದಲು ಯಾವ ಔಷಧಿ ಎಷ್ಟು ಸಲ ಆಗಿತ್ತು ಎಂದು ಸೀಸೆಯ ಮೇಲೆ ಸ್ಪಷ್ಟವಾಗಿ ಬರೆಯಿರಿ.